ಹಾಸನ–ಚಿಕ್ಕಮಗಳೂರಿನಿಂದ ಜರ್ಮನಿಗೆ: ಮನೆ ಬಾಗಿಲಿನಿಂದ ಅಲ್ಲಿನ ಮೊದಲ ರಾತ್ರಿಯವರೆಗೆ

ಹೇಮಾವತಿ ದಡ, ಹಾಸನ:

ಚಳಿಗಾಲದ ಸೆಮಿಸ್ಟರ್‌ಗೆ ಸೇರುವ ಮಕ್ಕಳೆಲ್ಲ ಟಿಕೆಟ್ ಮಾಡಿಸುವ ಹೊತ್ತು. ನಮ್ಮ ಈ ಗುಂಪಿನಲ್ಲಿ ಪ್ರತಿ ಸಲ ಚರ್ಚೆ ಸೂಟ್‌ಕೇಸಿನಿಂದ ಶುರುವಾಗುತ್ತೆ. ಈ ಸಲ ಅದನ್ನು ಆಮೇಲಕ್ಕಿಟ್ಟು, ಅಲ್ಲಿ ಇಳಿಯುವ ವಾರ ಯಾವುದು, ಹೊತ್ತು ಯಾವುದು ಅನ್ನುವುದನ್ನು ಮೊದಲು ಮಾತಾಡೋಣ. ಮೊದಲ ರಾತ್ರಿ ನೆಮ್ಮದಿಯಾಗಿ ಕಳೆಯುತ್ತದೋ ಇಲ್ಲವೋ ಅನ್ನುವುದು ಹೆಚ್ಚುಪಾಲು ಅದರ ಮೇಲೆಯೇ ನಿಂತಿದೆ.

ವಿದ್ಯಾರ್ಥಿ ನಿಲಯದ ಕೋಣೆಯ ಬೀಗದ ಕೈ ಕೊಡುವವರು ಆ ಕಟ್ಟಡದ ಮೇಲ್ವಿಚಾರಕರು, ಅಲ್ಲಿ ಹೌಸ್‌ಮೈಸ್ಟರ್ ಅಂತಾರೆ. ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರ, ಅದೂ ಬೆಳಗಿನ ಕೆಲವು ಗಂಟೆ ಮಾತ್ರ ಸಿಗುತ್ತಾರೆ. ಶುಕ್ರವಾರ ಮಧ್ಯಾಹ್ನ ಕಳೆದು ಹೋದರೆ ಕೀ ಸಿಗುವುದು ಸೋಮವಾರವೇ. ಜೊತೆಗೆ ಭಾನುವಾರ ಜರ್ಮನಿಯಲ್ಲಿ ಅಂಗಡಿ ತೆರೆಯಲ್ಲ. ದೊಡ್ಡ ರೈಲು ನಿಲ್ದಾಣ, ವಿಮಾನ ನಿಲ್ದಾಣ, ಪೆಟ್ರೋಲ್ ಬಂಕ್‌ನಲ್ಲಿರುವ ಅಂಗಡಿ ಬಿಟ್ಟರೆ ಹಾಲಿನ ಪ್ಯಾಕೆಟ್ಟೂ ಸಿಗದು. ಅಕ್ಟೋಬರ್ 3 ರಾಷ್ಟ್ರೀಯ ರಜೆ, ಅವತ್ತೂ ಅದೇ ಕಥೆ. ಬಾಡಿಗೆ ಕರಾರು ಹೆಚ್ಚಾಗಿ ಅಕ್ಟೋಬರ್ 1ಕ್ಕೆ ಶುರುವಾಗುವುದರಿಂದ ಈ ರಜೆಗೆ ಸಿಕ್ಕಿಬೀಳುವವರು ಬಹಳ.

ಆದ್ದರಿಂದ ಮಂಗಳವಾರ, ಬುಧವಾರ ಅಥವಾ ಗುರುವಾರ ಬೆಳಗ್ಗೆ ಇಳಿಯುವ ವಿಮಾನ ಹುಡುಕಿ. ಶನಿವಾರದ ಟಿಕೆಟ್ ಸ್ವಲ್ಪ ಅಗ್ಗ ಅಂತ ಕಾಣುತ್ತೆ. ಎರಡು ರಾತ್ರಿಯ ಹೋಟೆಲ್ ಬಾಡಿಗೆ ಸೇರಿಸಿ ನೋಡಿದರೆ ಅಗ್ಗ ಉಳಿಯಲ್ಲ. ಟಿಕೆಟ್ ಕಾದಿರಿಸುವ ಮೊದಲೇ ಮೇಲ್ವಿಚಾರಕರಿಗೆ ಇಮೇಲ್ ಹಾಕಿ, ಬರುವ ದಿನ, ಗಂಟೆ ತಿಳಿಸಿ, ಅವರ ಉತ್ತರವನ್ನು ಮುದ್ರಿಸಿಟ್ಟುಕೊಳ್ಳಿ. ಅದೇ ಊರಲ್ಲಿ ಮೊದಲೇ ಇರುವ ಯಾರಿಗಾದರೂ ಕೀ ಪಡೆಯಲು ಅಧಿಕಾರ ಪತ್ರ ಬರೆದುಕೊಡಬಹುದೇ ಅಂತಲೂ ಕೇಳಿ. ಎಷ್ಟೋ ಕಡೆ ಒಪ್ಪುತ್ತಾರೆ.

ಕಡೂರು ಬಯಲು:

ಇದಕ್ಕೆ ಒಂದು ಮಾತು ಸೇರಿಸಲೇಬೇಕು, ತಾರೀಖಿನದು. ಬೆಂಗಳೂರಿನಿಂದ ಯುರೋಪಿನ ಕಡೆ ಹೋಗುವ ಬಹಳಷ್ಟು ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್‌ನಲ್ಲಿ 15ನೇ ತಾರೀಖು 02.30 ಅಂತಿದ್ದರೆ ಮನೆ ಬಿಡಬೇಕಾದ್ದು 14ರ ಸಂಜೆ. 15ರ ರಾತ್ರಿ ಹೊರಟರೆ ವಿಮಾನ ಹೋಗಿ ಒಂದು ದಿನ ಆಗಿರುತ್ತೆ. ಟಿಕೆಟ್ ಬಂದ ಕೂಡಲೇ ಗೋಡೆ ಕ್ಯಾಲೆಂಡರ್‌ನಲ್ಲಿ ಮನೆ ಬಿಡುವ ತಾರೀಖಿಗೆ ಗುರುತು ಹಾಕಿ, ವಿಮಾನದ ತಾರೀಖಿಗೆ ಬೇಡ.

ದಾರಿ ಲೆಕ್ಕ: ಹಾಸನದಿಂದ ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ. ಅಲ್ಲಿಂದ ಬೆಂಗಳೂರಿನ ಒಳಗೆ ನುಗ್ಗದೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಕಡೆ ಹೋಗಿ. ಒಟ್ಟು ಸುಮಾರು 200 ಕಿ.ಮೀ. ಗೊರಗುಂಟೆಪಾಳ್ಯ, ಹೆಬ್ಬಾಳದ ದಾರಿಯಲ್ಲಿ ಸಂಜೆ ಹೊತ್ತು ಸಿಕ್ಕಿಹಾಕಿಕೊಂಡರೆ ಒಂದು ಗಂಟೆ ಅಲ್ಲೇ ಹೋಗುತ್ತೆ. ಚಿಕ್ಕಮಗಳೂರಿನವರಿಗೆ ಬೇಲೂರು, ಹಾಸನದ ಮೇಲೆ ಬಂದರೆ ಇನ್ನು 60 ಕಿ.ಮೀ. ಹೆಚ್ಚು. ಕಡೂರು, ತರೀಕೆರೆ ಕಡೆಯವರು ಅರಸೀಕೆರೆ, ತಿಪಟೂರು, ತುಮಕೂರು, ದಾಬಸ್‌ಪೇಟೆಗೆ ಬಂದು, ಅಲ್ಲಿಂದ ದೊಡ್ಡಬಳ್ಳಾಪುರಕ್ಕೆ ತಿರುಗುವುದು ಅನುಕೂಲ.

ರಾತ್ರಿ 2.30ರ ವಿಮಾನಕ್ಕೆ 11 ಗಂಟೆಯೊಳಗೆ ನಿಲ್ದಾಣದಲ್ಲಿರಬೇಕು. ಹಾಸನದಿಂದ ಸಂಜೆ 5.30ಕ್ಕೆ, ಚಿಕ್ಕಮಗಳೂರಿನಿಂದ 4ಕ್ಕೆ ಗಾಡಿ ಹೊರಟರೆ ದಾರಿಯಲ್ಲಿ ಊಟ ಮಾಡಿ, ಟೈರ್ ಪಂಚರ್ ಆದರೂ ಸರಿದೂಗಿಸಿಕೊಂಡು ಮುಟ್ಟಬಹುದು. ಬಸ್ಸಿನಲ್ಲಿ ಹೋಗುವವರು ಮೆಜೆಸ್ಟಿಕ್‌ನಲ್ಲಿಳಿದು ವಿಮಾನ ನಿಲ್ದಾಣದ ವಾಯುವಜ್ರ ಬಸ್ ಹಿಡಿಯಬಹುದು. ಹಾಗಿದ್ದರೆ ಇನ್ನೂ ಎರಡು ಗಂಟೆ ಮುಂಚೆ ಹೊರಡಿ. ಅಂತಾರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ.

ಮೂಡಿಗೆರೆ ಮಳೆ:

ಬಯಲು ಅಣ್ಣ ಹೇಳಿದ ಹೊತ್ತು ಬಿಸಿಲುಗಾಲಕ್ಕೆ ಸರಿ. ನಮ್ಮ ಕಡೆಯವರು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇನ್ನೂ ಒಂದೂವರೆ ಗಂಟೆ ಸೇರಿಸಿಕೊಳ್ಳಿ. ತೋಟದ ರಸ್ತೆಗೆ ಒಂದು ಮರ ಅಡ್ಡ ಬಿದ್ದರೆ ಕಡಿದು ಎಳೆಯುವವರೆಗೆ ಬೇರೆ ದಾರಿ ಇರಲ್ಲ. ಜೋರು ಮಳೆಯ ವಾರವಾದರೆ ಹಿಂದಿನ ದಿನವೇ ಹಾಸನಕ್ಕೋ ಬೆಂಗಳೂರಿಗೋ ಬಂದು ಉಳಿದುಬಿಡುವುದು ಒಳ್ಳೆಯದು. ಕರೆಂಟೂ ಹೋಗಿರುತ್ತೆ, ಫೋನ್ ಚಾರ್ಜ್ ಮಾಡಿಕೊಳ್ಳಲೂ ಆಗಿರಲ್ಲ.

ಮತ್ತೆ, ಕಳಿಸಲು ಬರುವ ಮನೆಯವರನ್ನು ಟಿಕೆಟ್ ಇಲ್ಲದೆ ನಿಲ್ದಾಣದ ಒಳಗೆ ಬಿಡಲ್ಲ. ತೂಕ ಜಾಸ್ತಿಯಾಗಿ ಸಾಮಾನು ತೆಗೆಯಬೇಕಾಗಿ ಬಂದರೆ ಹಿಂದಕ್ಕೆ ಕೊಡಲು ಯಾರೂ ಇರುವುದಿಲ್ಲ. ಕೌಂಟರ್‌ನಲ್ಲಿ ಬ್ಯಾಗ್ ಹೋಯಿತು ಅಂತ ಫೋನ್ ಬರುವವರೆಗೆ ಮನೆಯವರು ಹೊರಗೇ ಇರಲಿ, ಗಾಡಿ ತಿರುಗಿಸಬೇಡಿ.

ಅರಸೀಕೆರೆ ಜಂಕ್ಷನ್:

ತೂಕದ ವಿಷಯ. ‘46 ಕೆ.ಜಿ.’ ಅಂತ ಒಟ್ಟು ಲೆಕ್ಕ ಹಾಕಬೇಡಿ. ಟಿಕೆಟ್‌ನಲ್ಲಿ 23 ಕೆ.ಜಿ.ಯ ಎರಡು ನಗ (ಬ್ಯಾಗ್) ಅಂತಿದ್ದರೆ ಒಂದೊಂದೂ 23 ದಾಟಬಾರದು. ಒಂದು 20, ಇನ್ನೊಂದು 26 ಆದರೆ ಆ 26ಕ್ಕೆ ದಂಡ. ಯುರೋಪಿನ ಕೆಲವು ಟಿಕೆಟ್‌ಗಳಲ್ಲಿ ಒಂದೇ ನಗ ಇರುತ್ತೆ, ನೋಡಿಕೊಳ್ಳಿ. ಗಲ್ಫ್ ಮೇಲೆ ಹೋಗುವ ಕೆಲವು ಕಂಪನಿಗಳು ಒಟ್ಟು ತೂಕ ಲೆಕ್ಕ ಹಾಕುತ್ತವೆ, ಅಲ್ಲೂ ಒಂದೇ ಬ್ಯಾಗ್ 32 ಕೆ.ಜಿ. ಮೀರುವಂತಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕೂಡಿ 158 ಸೆಂ.ಮೀ. ಒಳಗಿರಬೇಕು. ನೇತುಹಾಕಿ ತೂಗುವ ಡಿಜಿಟಲ್ ತಕ್ಕಡಿಯಲ್ಲಿ 22ಕ್ಕೆ ನಿಲ್ಲಿಸಿ. ಮನೆಯ ತಕ್ಕಡಿ, ಅವರ ತಕ್ಕಡಿ ಒಂದೇ ತೋರಿಸಬೇಕೆಂದಿಲ್ಲ.

ನಮ್ಮ ಸೀಮೆಯವರು ಮುಖ್ಯವಾಗಿ ತಿಳಿಯಬೇಕಾದ್ದು ಕೊಬ್ಬರಿ. ಗಿಟುಕು ಕೊಬ್ಬರಿಯನ್ನು ಕೈಚೀಲದಲ್ಲೂ ಹಾಕಬೇಡಿ, ದೊಡ್ಡ ಬ್ಯಾಗ್‌ನಲ್ಲೂ ಹಾಕಬೇಡಿ. ಎಣ್ಣೆ ಅಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕು ಅಂತ ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಸ್ಕ್ಯಾನ್‌ನಲ್ಲಿ ಗುಂಡಗೆ ಎದ್ದು ಕಾಣುತ್ತೆ. ಬ್ಯಾಗ್ ತೆರೆಸಿ ತೆಗೆಸುತ್ತಾರೆ, ಅಷ್ಟು ಹೊತ್ತು ನೀವು ಕಾಯಬೇಕು.

ಪವರ್ ಬ್ಯಾಂಕ್ ಇದಕ್ಕೆ ತಿರುಗಾಮುರುಗಾ, ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್‌ವರೆಗೆ ಕೇಳುವುದು ಬೇಡ. 20,000 ಎಂಎಎಚ್‌ನದು 74 ವ್ಯಾಟ್ ಅವರ್ ಆಗುತ್ತೆ, ತೊಂದರೆ ಇಲ್ಲ. ಮೇಲೆ ಅಚ್ಚಾದ ಅಂಕಿ ಅಳಿಸಿಹೋಗಿದ್ದರೆ ಮಾತ್ರ ತಕರಾರು.

ಸಕಲೇಶಪುರ ಮನೆ:

ಸರ್, ಮನೆಯ ತುಪ್ಪ ಅರ್ಧ ಕೆ.ಜಿ. ಕಳಿಸಬಹುದಾ? ಜೇನುತುಪ್ಪ? ಕರಿಬೇವು?

ಅರಸೀಕೆರೆ ಜಂಕ್ಷನ್:

ಮೇಡಂ, ತುಪ್ಪ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಮಾಂಸದ ಪದಾರ್ಥ, ಹಾಲಿನ ಪದಾರ್ಥ ತರುವಂತಿಲ್ಲ. ದನಕರುಗಳ ಕಾಲುಬಾಯಿ ಜ್ವರದಂಥ ರೋಗ ಅಲ್ಲಿಗೆ ಹೋಗಬಾರದು ಅನ್ನುವುದು ಕಾರಣ. ತುಪ್ಪ, ಪೇಡ, ಖೋವಾ, ಹಾಲಿನ ಪುಡಿ ಎಲ್ಲ ಇದರಲ್ಲಿ ಬಂತು. ಹಸುಗೂಸಿನ ಹಾಲಿನ ಪುಡಿಗೆ ಮಾತ್ರ ಬೇರೆ ನಿಯಮ. ಜೇನು 2 ಕೆ.ಜಿ. ಒಳಗೆ ಒಯ್ಯಬಹುದು, ದೊಡ್ಡ ಬ್ಯಾಗ್‌ನಲ್ಲಿ.

ಹಸಿ ಕರಿಬೇವು, ವೀಳ್ಯದೆಲೆ, ನಿಂಬೆಹಣ್ಣು, ಮಾವಿನಹಣ್ಣು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಹೋಗಲ್ಲ. ಕರಿಬೇವನ್ನು ನೆರಳಲ್ಲಿ ಒಣಗಿಸಿ, ಬಾಣಲೆಯಲ್ಲಿ ಗರಿಗರಿಯಾಗುವಂತೆ ಹುರಿದು ಪುಡಿ ಮಾಡಿ ಕಳಿಸಿ. ಬಿತ್ತನೆ ಬೀಜವೂ ಬೇಡ. ಮೆಣಸು, ಏಲಕ್ಕಿ, ಹುಳಿಪುಡಿ, ಸಾರಿನಪುಡಿ, ಅಕ್ಕಿಹಿಟ್ಟು, ರಾಗಿಹಿಟ್ಟು ಆಗುತ್ತೆ. ಹಿಟ್ಟನ್ನು ಬಿಳಿ ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಕಟ್ಟಿ ಇಡಬೇಡಿ. ಅಂಗಡಿಯ ಮೊಹರಿನ ಪೊಟ್ಟಣ ಇರಲಿ, ಇಲ್ಲವೇ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದ ಚೀಟಿ ಅಂಟಿಸಿ.

ಗುಳಿಗೆಗಳು ಸ್ಟ್ರಿಪ್‌ನಲ್ಲೇ ಇರಲಿ, ಡಬ್ಬಿಗೆ ಸುರಿಯಬೇಡಿ. ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು, ಜೊತೆಗೆ ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿ.

ಬೇಲೂರು ಬಳಪ:

ಅಪ್ಪೆಮಿಡಿ ಉಪ್ಪಿನಕಾಯಿ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ಪ್ರತಿ ವರ್ಷ ಬಟ್ಟೆ ಹಾಳಾಗುವುದು ಅದರಿಂದಲೇ. ಸೋರುವುದಕ್ಕೆ ಕಾರಣ ಬಿಗಿ ಸಾಲದ್ದಲ್ಲ, ಗಾಳಿ. ವಿಮಾನದ ಸಾಮಾನಿನ ಕೋಣೆಯಲ್ಲೂ ಗಾಳಿಯ ಒತ್ತಡ ಆರೇಳು ಸಾವಿರ ಅಡಿ ಬೆಟ್ಟದ ಮೇಲಿನಷ್ಟೇ ಇರುತ್ತೆ. ಮುಳ್ಳಯ್ಯನಗಿರಿ ತುದಿಯ ಎತ್ತರ 1,930 ಮೀಟರ್, ಹತ್ತಿರ ಹತ್ತಿರ ಅಷ್ಟೇ. ಬಾಟಲಿಯ ಕತ್ತಿನ ಹತ್ತಿರ ಉಳಿದ ಗಾಳಿ ಅಲ್ಲಿ ಹಿಗ್ಗುತ್ತೆ, ಮಲಗಿದ ಬಾಟಲಿಯಲ್ಲಿ ಉಪ್ಪುನೀರನ್ನು ಮುಚ್ಚಳದ ಸಂದಿಯಿಂದ ಹೊರಗೆ ತಳ್ಳುತ್ತೆ.

ಹೀಗೆ ಮಾಡಿ. ಗಾಜು ಬೇಡ. ಅಗಲ ಬಾಯಿಯ, ಒತ್ತಿದರೆ ಬಾಗುವ ಪ್ಲಾಸ್ಟಿಕ್ ಬಾಟಲಿ, ಅರ್ಧ ಕೆ.ಜಿ.ಗಿಂತ ದೊಡ್ಡದು ಬೇಡ. ಮಿಡಿಯನ್ನು ರಸದಿಂದ ಎತ್ತಿ ತುಂಬಿ, ಮಿಡಿ ನೆನೆಯುವಷ್ಟೇ ರಸ ಬಿಡಿ. ಬಾಟಲಿಯನ್ನು ಎರಡೂ ಕಡೆಯಿಂದ ಒತ್ತಿ ಗಾಳಿ ಹೊರಗೆ ಹಾಕುತ್ತಲೇ ಬಾಯಿಗೆ ಎರಡು ಪದರ ಅಂಟುವ ಪ್ಲಾಸ್ಟಿಕ್ ಹಾಳೆ ಎಳೆದು, ಅದರ ಮೇಲೆ ಮುಚ್ಚಳ ತಿರುಗಿಸಿ. ಬಾಟಲಿ ಒಳಗೆ ಕುಗ್ಗಿದ ಹಾಗೆಯೇ ನಿಲ್ಲಬೇಕು. ಆಗ ಹಿಗ್ಗುವ ಗಾಳಿಗೆ ಜಾಗ ಇರುತ್ತೆ. ಮುಚ್ಚಳದ ಸುತ್ತ ಅಗಲ ಟೇಪ್, ಆಮೇಲೆ ಒಂದರೊಳಗೊಂದು ಎರಡು ಜಿಪ್ ಕವರ್, ನಡುವೆ ಒಂದು ಹಳೆಯ ದಿನಪತ್ರಿಕೆ. ಒಂದು ರಾತ್ರಿ ತಲೆಕೆಳಗಾಗಿ ನಿಲ್ಲಿಸಿ. ಬೆಳಗ್ಗೆ ಪತ್ರಿಕೆ ಒಣಗಿದ್ದರೆ ಮಾತ್ರ ಬ್ಯಾಗ್‌ಗೆ. ಜಾಗ ಬ್ಯಾಗ್‌ನ ನಡುವೆ, ಟವೆಲ್‌ನಲ್ಲಿ ಸುತ್ತಿ. ಕೈಚೀಲದಲ್ಲಿ ಉಪ್ಪಿನಕಾಯಿ, ಗೊಜ್ಜು, ಜೇನು ಎಲ್ಲ ದ್ರವದ ಲೆಕ್ಕ. 100 ಮಿ.ಲೀ. ದಾಟಿದರೆ ಭದ್ರತಾ ತಪಾಸಣೆಯಲ್ಲಿ ಬುಟ್ಟಿಗೆ ಹೋಗುತ್ತೆ.

ಗಿರಿ ಕಾಫಿ, ಚಿಕ್ಕಮಗಳೂರು:

ಕಾಫಿಪುಡಿಗೂ ಗಾಳಿಯ ಸಮಸ್ಯೆಯೇ. ಹುರಿದು ಪುಡಿ ಮಾಡಿದ ಕಾಫಿ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತೆ. ಹೊರಡುವ ದಿನ ಬೆಳಗ್ಗೆ ಬಿಸಿಬಿಸಿ ಪುಡಿ ತಂದು ಅಂಟಿಸಿದರೆ ಪೊಟ್ಟಣ ಉಬ್ಬಿ ಹೊಲಿಗೆ ಬಿಡುತ್ತೆ. ಮೂರು ದಿನ ಮುಂಚೆ ಪುಡಿ ಮಾಡಿಸಿ, ಒಂದು ಕಡೆಗೆ ಮಾತ್ರ ಗಾಳಿ ಬಿಡುವ ವಾಲ್ವ್ ಇರುವ ಪೊಟ್ಟಣದಲ್ಲಿ 250 ಗ್ರಾಂನಂತೆ ಬೇರೆ ಬೇರೆ ಕಟ್ಟಿಸಿ. ಒಂದು ತೆರೆದರೆ ಉಳಿದದ್ದು ಘಮ ಕಳೆದುಕೊಳ್ಳಲ್ಲ. ಚಿಕೋರಿ ಹಾಕಿದ್ದರೆ ತೇವ ಬೇಗ ಎಳೆದು ಗಟ್ಟಿಯಾಗುತ್ತೆ, ಅದಕ್ಕಾದರೂ ಚಿಕ್ಕ ಪೊಟ್ಟಣ ಬೇಕು. ಸ್ಟೀಲ್ ಫಿಲ್ಟರ್ ಎರಡು ಲೋಟದ್ದು ಸಾಕು. ಅದರ ಹೊಟ್ಟೆಯೊಳಗೆ ಸಾಸಿವೆ, ಜೀರಿಗೆ ಪೊಟ್ಟಣ ತುರುಕಿ, ಜಾಗ ವ್ಯರ್ಥ ಮಾಡಬೇಡಿ.

ಹೇಮಾವತಿ ದಡ, ಹಾಸನ:

ಚೆನ್ನಾಗಿ ಬರುತ್ತಿದೆ. ಕೈಚೀಲಕ್ಕೆ ಬರೋಣ. ದೊಡ್ಡ ಬ್ಯಾಗ್ ಅವತ್ತು ಬರುವುದೇ ಇಲ್ಲ ಅಂತ ಇಟ್ಟುಕೊಂಡು ಕೈಚೀಲ ತುಂಬಬೇಕು. ನಡುವೆ ವಿಮಾನ ಬದಲಿಸುವವರಿಗೆ, ಅದರಲ್ಲೂ ಎರಡರ ನಡುವೆ ಒಂದೂವರೆ ಗಂಟೆಗಿಂತ ಕಡಿಮೆ ಇರುವವರಿಗೆ, ಬ್ಯಾಗ್ ಮರುದಿನ ಬರುವುದು ಅಪರೂಪ ಏನಲ್ಲ.

ಒಂದು ಜೊತೆ ಬಟ್ಟೆ, ಒಂದು ಉಣ್ಣೆ ಸ್ವೆಟರ್, ಕಾಲುಚೀಲ, ತೆಳು ರಗ್ಗು ಅಥವಾ ದಪ್ಪ ಶಾಲು, ಗಾಳಿ ತುಂಬುವ ದಿಂಬು, ಸಣ್ಣ ಟವೆಲ್, ಬ್ರಶ್ಶು, ಒಂದು ವಾರದ ಗುಳಿಗೆ, ಚಾರ್ಜರ್, ಅಡಾಪ್ಟರ್. ಮೂಲ ಅಂಕಪಟ್ಟಿ, ಪದವಿ ಪತ್ರ, ಪ್ರವೇಶ ಪತ್ರ, ಬ್ಲಾಕ್ಡ್ ಅಕೌಂಟ್ (ವೀಸಾಕ್ಕಾಗಿ ವರ್ಷದ ಖರ್ಚು ಮೊದಲೇ ಕಟ್ಟಿಡುವ ಖಾತೆ) ದೃಢೀಕರಣ, ವಿಮೆ, ಬಾಡಿಗೆ ಕರಾರು ಎಲ್ಲ ಒಂದೇ ಪ್ಲಾಸ್ಟಿಕ್ ಫೈಲ್‌ನಲ್ಲಿ. ಮೂಲ ದಾಖಲೆ ಯಾವ ಕಾರಣಕ್ಕೂ ದೊಡ್ಡ ಬ್ಯಾಗ್‌ಗೆ ಹೋಗಬಾರದು.

ನಗದು 200ರಿಂದ 300 ಯೂರೋ, 10, 20ರ ನೋಟುಗಳಲ್ಲಿ. ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿ. ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಟ್ಟಿದ್ದೀರಿ ಅಂದರೂ ಅದು ತಿಂಗಳಿಗೆ 992ರಂತೆ, ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ ಬರುವ ದುಡ್ಡು. ಮೊದಲ ಎರಡು ಮೂರು ವಾರ ಅದನ್ನು ನಂಬಿ ಕೂರುವಂತಿಲ್ಲ. ಬಾಡಿಗೆ ಮುಂಗಡವೂ ಅಷ್ಟರಲ್ಲೇ ಕೊಡಬೇಕಾಗಿ ಬರುತ್ತೆ. ಜರ್ಮನ್ ಕಾನೂನಿನಲ್ಲಿ ಮುಂಗಡ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ, ಮೂರು ಕಂತಿನಲ್ಲಿ ಕೊಡುವ ಹಕ್ಕೂ ಇದೆ.

ಮೂಡಿಗೆರೆ ಮಳೆ:

ವಿಮಾನದ ಊಟ: ಸಸ್ಯಾಹಾರಿಗಳು ‘ಹಿಂದೂ ಮೀಲ್’ ಆರಿಸಬೇಡಿ, ಅದರಲ್ಲಿ ಕೋಳಿ, ಕುರಿ ಇರಬಹುದು. ‘ಏಷ್ಯನ್ ವೆಜಿಟೇರಿಯನ್’ ಆರಿಸಿ, ಹೊರಡುವ 24 ಗಂಟೆ ಮೊದಲೇ.

ಗೊರೂರು ಅಣೆಕಟ್ಟೆ, ಸದ್ಯ ಫ್ರಾಂಕ್‌ಫರ್ಟ್ ಹತ್ತಿರ:

ಇಳಿದ ಮೇಲಿನದ್ದು ನಾನು ಬರೆಯುತ್ತೇನೆ. ಪಾಸ್‌ಪೋರ್ಟ್ ತಪಾಸಣೆ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ದೇಶದ ಮೊದಲ ನಿಲ್ದಾಣದಲ್ಲಿ ನಡೆಯುತ್ತೆ. ಎಲ್ಲಿಗೆ, ಯಾವ ಕೋರ್ಸ್, ಎಲ್ಲಿ ಉಳಿಯುತ್ತೀರಿ ಅಂತ ಕೇಳಿದರೆ ವಿಳಾಸ ಬಾಯಲ್ಲಿ ಹೇಳುವುದಕ್ಕಿಂತ ಕಾಗದ ತೋರಿಸುವುದು ವಾಸಿ. ಫೋನ್‌ನಲ್ಲಿ ನೆಟ್ ಇರಲ್ಲ, ಇಮೇಲ್ ತೆರೆಯಲ್ಲ.

ಬ್ಯಾಗ್ ಬರಲಿಲ್ಲವೇ, ಆ ಹಾಲ್‌ನಿಂದ ಹೊರಗೆ ಕಾಲಿಡುವ ಮೊದಲೇ ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರ್‌ನಲ್ಲಿ ದೂರು ಬರೆಸಿ, ಅದರ ಸಂಖ್ಯೆ ತೆಗೆದುಕೊಳ್ಳಿ. ಬೋರ್ಡಿಂಗ್ ಪಾಸ್‌ಗೆ ಅಂಟಿಸಿದ ಬ್ಯಾಗ್ ಚೀಟಿ ಇಲ್ಲದಿದ್ದರೆ ಕೆಲಸ ನಿಧಾನ. ಅವತ್ತಿಗೆ ಬೇಕಾದ ಬಟ್ಟೆ, ಸೋಪು ಕೊಂಡರೆ ರಸೀದಿ ಇಡಿ. ತಡವಾದ ಬ್ಯಾಗ್‌ಗೆ ಪರಿಹಾರ ಕೇಳಲು ಬ್ಯಾಗ್ ಕೈ ಸೇರಿದ ಮೇಲೆ 21 ದಿನ, ಮುರಿದ ಬ್ಯಾಗ್‌ಗೆ 7 ದಿನ ಗಡುವು.

ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ರೈಲಿಗೆ ಎರಡು ಜಾಗ ಇವೆ. ಊರೊಳಗೆ ಹೋಗುವ ಎಸ್8, ಎಸ್9 ರೈಲುಗಳು ಟರ್ಮಿನಲ್ 1ರ ಕೆಳಗಿನ ಪ್ರಾದೇಶಿಕ ನಿಲ್ದಾಣದಿಂದ. ಮುಖ್ಯ ರೈಲು ನಿಲ್ದಾಣಕ್ಕೆ ಕಾಲು ಗಂಟೆ. ಬೇರೆ ಊರಿಗೆ ಹೋಗುವ ಐಸಿಇ ಅನ್ನುವ ವೇಗದ ರೈಲುಗಳು ರಸ್ತೆಯಾಚೆಯ ದೂರಪ್ರಯಾಣದ ನಿಲ್ದಾಣದಿಂದ. ಬ್ಯಾಗ್ ಎಳೆದುಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗಲು ಹದಿನೈದು ನಿಮಿಷ ಇಟ್ಟುಕೊಳ್ಳಿ.

ಟಿಕೆಟ್ ವಿಷಯದಲ್ಲಿ ಎಚ್ಚರ. ಅಗ್ಗದ ‘ಸ್ಪಾರ್‌ಪ್ರೈಸ್’ ಟಿಕೆಟ್ ಅದೇ ರೈಲಿಗೆ ಮಾತ್ರ. ವಿಮಾನ ತಡವಾಗಿ ಆ ರೈಲು ತಪ್ಪಿದರೆ ರೈಲಿನವರ ಹೊಣೆ ಇಲ್ಲ, ದುಡ್ಡು ಹೋಯಿತು. ‘ಫ್ಲೆಕ್ಸ್‌ಪ್ರೈಸ್’ ಅವತ್ತಿನ ಯಾವ ರೈಲಿಗೂ ಆಗುತ್ತೆ. ವಿಮಾನ ಟಿಕೆಟ್ ಜೊತೆಯೇ ರೈಲು ಸೇರಿಸಿ ಕೊಡುವ ಕಂಪನಿಗಳಿದ್ದರೆ ಅದು ಇನ್ನೂ ಉತ್ತಮ.

ಕಡೂರು ಬಯಲು:

ಸರ್, ಡಾಯ್ಚ್‌ಲಾಂಡ್ ಟಿಕೆಟ್ (ದೇಶವೆಲ್ಲ ಓಡಾಡುವ ತಿಂಗಳ ಪಾಸ್) ತೆಗೆದುಕೊಂಡರೆ ಇವೆಲ್ಲ ಬೇಕಾಗಲ್ಲವಲ್ಲ? ಎಲ್ಲರೂ ಅದನ್ನೇ ಹೇಳುತ್ತಾರೆ.

ಗೊರೂರು ಅಣೆಕಟ್ಟೆ:

ಮೊದಲ ದಿನಕ್ಕೆ ನಾನು ಒಪ್ಪಲ್ಲ ಅಣ್ಣ. 2026ರ ಜನವರಿಯಿಂದ ಅದು ತಿಂಗಳಿಗೆ 63 ಯೂರೋ, ದೂರಪ್ರಯಾಣದ ಐಸಿಇ, ಐಸಿ ರೈಲುಗಳಲ್ಲಿ ನಡೆಯಲ್ಲ. ಪ್ರಾದೇಶಿಕ ರೈಲಿನಲ್ಲಿ ಮೂರು ಕಡೆ ಬದಲಿಸಬೇಕಾಗಬಹುದು. ಎರಡು ದೊಡ್ಡ ಬ್ಯಾಗ್ ಇಟ್ಟುಕೊಂಡು, ರಾತ್ರಿಯೆಲ್ಲ ನಿದ್ದೆ ಇಲ್ಲದೆ, ಆರು ನಿಮಿಷದಲ್ಲಿ ಪ್ಲಾಟ್‌ಫಾರ್ಮ್ ಬದಲಿಸುವುದು ಕಷ್ಟ. ಕೂಲಿಯವರು ಇರಲ್ಲ, ಸಣ್ಣ ನಿಲ್ದಾಣದಲ್ಲಿ ಲಿಫ್ಟ್ ಕೆಟ್ಟಿದ್ದರೆ ಮೆಟ್ಟಿಲೇ ಗತಿ. ಎಷ್ಟೋ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಶುಲ್ಕದಲ್ಲಿ ಪ್ರಯಾಣದ ಟಿಕೆಟ್ ಸೇರಿಯೇ ಇರುತ್ತೆ, ಎರಡು ಸಲ ದುಡ್ಡು ಕಟ್ಟಬೇಡಿ. ಡಾಯ್ಚ್‌ಲಾಂಡ್ ಟಿಕೆಟ್ ಚಂದಾ ಕ್ರಮದ್ದು, ನಿಲ್ಲಿಸಲು ತಿಂಗಳ 10ರೊಳಗೆ ಹೇಳಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ: ತುಂಬಿದ ಬ್ಯಾಗನ್ನು ಒಬ್ಬರೇ ಎತ್ತಿ ಮಹಡಿ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿಸಿ. ಆಗದಿದ್ದರೆ ಆ ಬ್ಯಾಗ್‌ನಿಂದ ಅಕ್ಕಿ ತೆಗೆಯಿರಿ, ಅಕ್ಕಿ ಇಲ್ಲಿ ಸಿಗುತ್ತೆ.

ಸಕಲೇಶಪುರ ಮನೆ:

ಕೋಣೆಯಲ್ಲಿ ಹಾಸಿಗೆ ಇರುತ್ತೆ ಅಂತ ಕರಾರಿನಲ್ಲಿದೆ. ಹಾಗಾದರೆ ರಗ್ಗು ಯಾಕೆ ಸರ್? ಮೊದಲ ರಾತ್ರಿ ಏನೇನು ಗೊತ್ತಿರಬೇಕು ಅಂತ ಸ್ವಲ್ಪ ಬಿಡಿಸಿ ಹೇಳಿ.

ಗೊರೂರು ಅಣೆಕಟ್ಟೆ:

ಮೇಡಂ, ಪೀಠೋಪಕರಣ ಸಹಿತ ಅಂದರೆ ಮಂಚ, ಹಾಸಿಗೆ, ಮೇಜು, ಬೀರು. ದಿಂಬು, ಹೊದಿಕೆ, ದುಪ್ಪಟಿ ಸೇರಿಲ್ಲ. ಹಾಸಿಗೆ ಸಾಮಾನ್ಯವಾಗಿ 90×200 ಸೆಂ.ಮೀ., ನಮ್ಮ ಸಿಂಗಲ್ ದುಪ್ಪಟಿ ಆಗುತ್ತೆ. ಹೊದಿಕೆ 135×200 ಅಳತೆಯದು ಇಲ್ಲೇ ಕೊಳ್ಳುವುದು ಸರಿ, ಆದರೆ ಅದು ಮರುದಿನದ ಕೆಲಸ. ಪೀಠೋಪಕರಣ ಇಲ್ಲದ ಬಾಡಿಗೆ ಮನೆಯಾದರೆ ಕೆಲವು ಕಡೆ ದೀಪದ ಬಲ್ಬೂ ಇರಲ್ಲ, ಚಾವಣಿಯಿಂದ ಬರಿ ತಂತಿ ನೇತಾಡುತ್ತಿರುತ್ತೆ. ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮೊದಲು ಬಾಗಿಲು. ಕೋಣೆ ಬಾಗಿಲಿಗೆ ಒಳಗಡೆ ಒತ್ತುವ ಹಿಡಿ, ಹೊರಗಡೆ ಅಲುಗಾಡದ ಗುಂಡು ಇರುತ್ತೆ. ಬಾಗಿಲು ತಾನಾಗಿ ಎಳೆದುಕೊಂಡು ಮುಚ್ಚಿದರೆ ಕೀ ಇಲ್ಲದೆ ತೆರೆಯಲ್ಲ. ಕಸ ಹಾಕಲು, ಪಕ್ಕದ ಅಡುಗೆಮನೆಗೆ ಹೋಗಲು ಹೊರಟವರು ಕೀ ಒಳಗೆ ಬಿಟ್ಟು ಸಿಕ್ಕಿಹಾಕಿಕೊಳ್ಳುವುದು ಮೊದಲ ರಾತ್ರಿಯೇ. ರಾತ್ರಿ ಹೊತ್ತು ಬೀಗ ತೆರೆಯುವವರನ್ನು ಕರೆಸಿದರೆ ನೂರಾರು ಯೂರೋ. ಕೀಗೆ ದಾರ ಕಟ್ಟಿ ಕತ್ತಿಗೆ ಹಾಕಿಕೊಳ್ಳಿ. ಒಳಗಿನಿಂದ ಕೀಯನ್ನು ಬೀಗದಲ್ಲೇ ಬಿಡಬೇಡಿ, ಕೆಲವು ಬೀಗಗಳು ಆಗ ಹೊರಗಿನ ಕೀ ಒಪ್ಪಲ್ಲ.

ಎರಡನೆಯದು ಕಿಟಕಿ. ಹಿಡಿ ಕೆಳಕ್ಕಿದ್ದರೆ ಮುಚ್ಚಿದೆ. ಅಡ್ಡಕ್ಕೆ ತಿರುಗಿಸಿದರೆ ಬಾಗಿಲಿನ ಹಾಗೆ ಒಳಕ್ಕೆ ತೆರೆಯುತ್ತೆ. ಮೇಲಕ್ಕೆ ತಿರುಗಿಸಿದರೆ ಮೇಲಂಚು ಮಾತ್ರ ಒಳಕ್ಕೆ ವಾಲುತ್ತೆ. ಅಡ್ಡಕ್ಕೆ ತೆರೆದಿರುವಾಗಲೇ ಹಿಡಿಯನ್ನು ಮೇಲಕ್ಕೆ ತಿರುಗಿಸಿದರೆ ಮೇಲಿನ ಮೂಲೆ ಬಿಟ್ಟುಕೊಂಡು ಇಡೀ ಕಿಟಕಿ ಕಳಚಿ ಕೈಗೆ ಬಂತೇನೋ ಅನ್ನುವ ಹಾಗೆ ಓರೆಯಾಗುತ್ತೆ. ಹೆದರಿ ಎಳೆಯಬೇಡಿ, ಕೆಳಗಿನ ಕೀಲು ಹಿಡಿದುಕೊಂಡಿರುತ್ತೆ. ಒಂದು ಕೈಯಿಂದ ಕೀಲಿನ ಕಡೆಯ ಮೇಲು ಮೂಲೆಯನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಹಿಡಿಯನ್ನು ಅಡ್ಡಕ್ಕೆ ತನ್ನಿ. ಮೂಲೆ ತನ್ನ ಜಾಗಕ್ಕೆ ಕೂರುತ್ತೆ. ಆಮೇಲೆ ಕಿಟಕಿಯನ್ನು ಪೂರ್ತಿ ಮುಚ್ಚಿ, ಹಿಡಿ ಕೆಳಕ್ಕೆ.

ಹೀಟರ್‌ಗೆ 1ರಿಂದ 5 ಅಂಕಿ ಇರುವ ತಿರುಗಣೆ. 3 ಅಂದರೆ ಸುಮಾರು 20 ಡಿಗ್ರಿ, ಒಂದೊಂದು ಅಂಕಿಗೆ ಹೆಚ್ಚುಕಡಿಮೆ 4 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗಲ್ಲ, ಕೊನೆಗೆ ಸೆಕೆಯಾಗುತ್ತೆ ಅಷ್ಟೇ. ಕೋಣೆ ಬೆಚ್ಚಗಾಗಲು ಒಂದು ಗಂಟೆ ಕೊಡಿ. ಸೆಪ್ಟೆಂಬರ್‌ನಲ್ಲಿ ಬಂದರೆ ಕಟ್ಟಡದ ಬಾಯ್ಲರನ್ನೇ ಶುರು ಮಾಡದೆ ಇರಬಹುದು. ಆಗ ತಿರುಗಣೆ ಎಷ್ಟು ತಿರುಗಿಸಿದರೂ ತಣ್ಣಗೇ ಇರುತ್ತೆ, ಕೈಚೀಲದ ರಗ್ಗು ಬೇಕಾಗುವುದು ಇದಕ್ಕೇ. ಹೀಟರ್ ಮೇಲೆ ಒದ್ದೆ ಬಟ್ಟೆ ಹರವಿ ಕಿಟಕಿ ಮುಚ್ಚಿ ಮಲಗಿದರೆ ತೇವ ಗೋಡೆಗೆ ಹಿಡಿದು ಬೂಷ್ಟು ಬರುತ್ತೆ, ಖಾಲಿ ಮಾಡುವಾಗ ಮುಂಗಡದಲ್ಲಿ ಕತ್ತರಿಸುತ್ತಾರೆ. ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ, ಆ ಹೊತ್ತಿಗೆ ಹೀಟರ್ ಆರಿಸಿ.

ಬಚ್ಚಲು: ಹೆಚ್ಚಿನ ಕಡೆ ನೆಲಕ್ಕೆ ಜಾಲರಿ ಇರಲ್ಲ. ಷವರ್ ಜಾಗದ ಹೊರಗೆ ಚೊಂಬಿನಿಂದ ನೀರು ಸುರಿದರೆ ಹೋಗಲು ದಾರಿ ಇಲ್ಲ, ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತೆ. ನೆಲ ಒರೆಸುವ ಬಟ್ಟೆ ಪಕ್ಕದಲ್ಲಿರಲಿ. ಅಡುಗೆಮನೆಯ ನಲ್ಲಿ ನೀರು ನೇರ ಕುಡಿಯಬಹುದು, ಕಾಯಿಸುವುದು ಬೇಡ.

ಕರೆಂಟು ನಮ್ಮದರ ಹಾಗೆಯೇ 230 ವೋಲ್ಟ್, 50 ಹರ್ಟ್ಸ್. ನಮ್ಮ ಎರಡು ಕಡ್ಡಿಯ ಫೋನ್ ಚಾರ್ಜರ್ ಹಾಗೇ ಕೂರುತ್ತೆ. ಮೂರು ಕಡ್ಡಿಯ ಲ್ಯಾಪ್‌ಟಾಪ್ ಪ್ಲಗ್‌ಗೆ ಅಡಾಪ್ಟರ್ ಬೇಕು, ಅರ್ತಿಂಗ್ ಇರುವುದನ್ನೇ ಕೊಳ್ಳಿ. ಕುಕ್ಕರ್ ತರುವವರು ತಳ ಸಪಾಟಾಗಿದೆಯೇ, ಇಂಡಕ್ಷನ್‌ಗೆ ಆಗುತ್ತದೆಯೇ ನೋಡಿ. ಗ್ಯಾಸ್ ಒಲೆ ಇಲ್ಲಿ ಅಪರೂಪ.

ಗಿರಿ ಕಾಫಿ, ಚಿಕ್ಕಮಗಳೂರು:

ಅವತ್ತು ರಾತ್ರಿ ಒಗ್ಗರಣೆ ಹಾಕಬೇಡಿ ಅಂತ ಹೇಳಿ ಅಣ್ಣ. ಮೆಣಸಿನಕಾಯಿ ಸೀದ ಹೊಗೆ ಚಾವಣಿಯ ಹೊಗೆ ಅಲಾರಂ ಕೂಗಿಸುತ್ತೆ. ಕಟ್ಟಡದ ಅಲಾರಂಗೆ ಜೋಡಿಸಿದ್ದರೆ ಅಗ್ನಿಶಾಮಕದವರೇ ಬರುತ್ತಾರೆ.

ಬೇಲೂರು ಬಳಪ:

ಒಲೆಯೇ ಬೇಡ. ಗಟ್ಟಿ ಅವಲಕ್ಕಿ ಕಾಲು ಕೆ.ಜಿ., ಹುರಿಹಿಟ್ಟು ಕಾಲು ಕೆ.ಜಿ., ಬೆಲ್ಲದ ಪುಡಿ 100 ಗ್ರಾಂ, ಚಟ್ನಿಪುಡಿ 100 ಗ್ರಾಂ, ಇಷ್ಟಿದ್ದರೆ ಅಂಗಡಿ ಮುಚ್ಚಿದ ಭಾನುವಾರವೂ ಕಳೆಯುತ್ತೆ. ಹುರಿಹಿಟ್ಟನ್ನು ನಲ್ಲಿಯ ಬಿಸಿನೀರಲ್ಲೂ ಕಲಸಬಹುದು: ಮೂರು ಚಮಚ ಹಿಟ್ಟು, ಒಂದು ಚಮಚ ಬೆಲ್ಲ, ಮೊದಲು ಸ್ವಲ್ಪ ನೀರಲ್ಲಿ ಗಂಟಿಲ್ಲದಂತೆ ಕಲಸಿ ಆಮೇಲೆ ಉಳಿದ ನೀರು. ಸ್ಟೀಲ್ ತಟ್ಟೆ, ಲೋಟ, ಚಮಚ ಒಂದೊಂದು ಕೈಚೀಲದಲ್ಲಿರಲಿ. ಅಕ್ಕಿರೊಟ್ಟಿ ಕಳಿಸಬೇಡಿ, ಹೋಗುವಷ್ಟರಲ್ಲಿ ಹಲಗೆಯಾಗಿರುತ್ತೆ.

ಗೊರೂರು ಅಣೆಕಟ್ಟೆ:

ನಿದ್ದೆ: ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ 6 ಅನ್ನುವಾಗ ಮೈ ರಾತ್ರಿ 9.30 ಅನ್ನುತ್ತಿರುತ್ತೆ. ಆಗ ಮಲಗಿದರೆ ಬೆಳಗಿನ ಜಾವ 2ಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಮಧ್ಯಾಹ್ನ ಬೇಕಿದ್ದರೆ ಅರ್ಧ ಗಂಟೆ ಅಲಾರಂ ಇಟ್ಟು ಮಲಗಿ. ಬೆಳಕಿರುವಷ್ಟು ಹೊತ್ತು ಹೊರಗೆ ನಡೆದು, ರಾತ್ರಿ 9ರವರೆಗೆ ತಡೆಯಿರಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಬ್ಯಾಗ್ ಎಳೆದಾಡುವುದು, ಊರಿಗೆ ಜೋರಾಗಿ ಫೋನ್ ಮಾಡುವುದು ಅದಕ್ಕೆ ಮುಂಚೆ ಮುಗಿಯಲಿ. ಇಲ್ಲಿನ ರಾತ್ರಿ 9 ಅಂದರೆ ಹಾಸನದಲ್ಲಿ ಮಧ್ಯರಾತ್ರಿ ದಾಟಿರುತ್ತೆ. ಇಳಿದ ಕೂಡಲೇ ಒಂದು ಸಂದೇಶ, ಕೀ ಸಿಕ್ಕಿದ ಮೇಲೆ ಒಂದು ಕರೆ ಅಂತ ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ನಡುವೆ ಮೂರು ಗಂಟೆ ಸುದ್ದಿ ಇಲ್ಲದಿದ್ದರೂ ಅವರು ಗಾಬರಿಯಾಗಲ್ಲ.

ಹೊರಡುವ ಮೊದಲೇ ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿ, ಬ್ಯಾಂಕ್ ಒಟಿಪಿ ಅದಕ್ಕೇ ಬರುವುದು. ಇಲ್ಲಿನ ಸಿಮ್‌ಗೆ ಪಾಸ್‌ಪೋರ್ಟ್ ತೋರಿಸಿ ಗುರುತು ದೃಢಪಡಿಸಬೇಕು, ಅವತ್ತೇ ಚಾಲೂ ಆಗದಿರಬಹುದು. ಆಂಬುಲೆನ್ಸ್, ಬೆಂಕಿಗೆ 112, ಪೊಲೀಸರಿಗೆ 110. ಜೀವಕ್ಕೆ ಅಪಾಯ ಇಲ್ಲದ, ಆದರೆ ರಾತ್ರಿಯೇ ವೈದ್ಯರು ಬೇಕಾದ ತೊಂದರೆಗೆ 116117. ಮೂರನ್ನೂ ಕಾಗದದಲ್ಲಿ ಬರೆದಿಡಿ.

ಹೇಮಾವತಿ ದಡ, ಹಾಸನ:

ಮರುದಿನದ ಕೆಲಸ ಒಂದೇ ಸಾಲಿನಲ್ಲಿ: ವಾಸ ಶುರುವಾದ ಎರಡು ವಾರದೊಳಗೆ ವಿಳಾಸ ನೋಂದಣಿ. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ ಬೇಕು, ಬರೀ ಬಾಡಿಗೆ ಕರಾರು ಸಾಲದು. ಕೀ ತೆಗೆದುಕೊಳ್ಳುವಾಗಲೇ ಆ ಕಾಗದ ಕೇಳಿ. ಕಚೇರಿಯ ಸಮಯವನ್ನು ಊರಲ್ಲಿರುವಾಗಲೇ ಆನ್‌ಲೈನ್‌ನಲ್ಲಿ ಕಾದಿರಿಸಿ.

ಸಕಲೇಶಪುರ ಮನೆ:

ಬ್ಯಾಂಕ್ ಕಾರ್ಡ್, ಸರ್ಕಾರದ ಪತ್ರ ಎಲ್ಲ ಅಂಚೆಯಲ್ಲೇ ಬರುತ್ತಂತೆ. ಕೋಣೆ ಸಂಖ್ಯೆ ಬರೆದರೆ ತಲುಪುತ್ತಾ?

ಗೊರೂರು ಅಣೆಕಟ್ಟೆ:

ಬರೀ ಕೋಣೆ ಸಂಖ್ಯೆ ನಂಬಬೇಡಿ ಮೇಡಂ. ಅಂಚೆಯವರು ಪೆಟ್ಟಿಗೆ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್. ಪಾಸ್‌ಪೋರ್ಟಿನಲ್ಲಿರುವ ಕುಲನಾಮ ಅಚ್ಚಿನ ಅಕ್ಷರದಲ್ಲಿ ಬರೆದ ಎರಡು ಚೀಟಿ, ಸ್ವಲ್ಪ ಪಾರದರ್ಶಕ ಟೇಪ್ ಫೈಲ್‌ನಲ್ಲಿ ಇಟ್ಟುಕೊಂಡು ಬರಲಿ. ಒಂದು ಅಂಚೆ ಪೆಟ್ಟಿಗೆಗೆ, ಒಂದು ಕರೆಗಂಟೆಗೆ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಇದ್ದರೆ, ನಮ್ಮ ಕಡೆ ಬಹಳ ಮಕ್ಕಳದು ಹಾಗೇ, ಬ್ಯಾಂಕಿಗೆ ಹೇಗೆ ಹೆಸರು ಕೊಟ್ಟಿದ್ದೀರೋ ಅದೇ ಥರ ಪೂರ್ತಿ ಹೆಸರು ಅಂಟಿಸಿ. ಮೇಲ್ವಿಚಾರಕರು ಆಮೇಲೆ ಅಚ್ಚು ಹಾಕಿದ ಫಲಕ ಕೊಡುತ್ತಾರೆ, ಅಲ್ಲಿಯವರೆಗೆ ಈ ಚೀಟಿ ತೆಗೆಯಬೇಡಿ.